ಶಾವೊಲಿನ್ ಶಾಸನವೂ ಬೋಧಿಧರ್ಮನ ಕಥೆಯೂ: ಚೀನೀ ಸಮರಕಲೆಯ ಮೂಲವನ್ನು ಕುರಿತು

ಕ್ರಿ.ಪೂ. 597ರಲ್ಲಿ ಚೂ ದೇಶದ ಅರಸನಾದ ಜುವಾಂಗ್ ‘ಬೀ’ ಎಂಬಲ್ಲಿ ನಡೆದ ಯುದ್ಧದಲ್ಲಿ ಜಿನ್ ರಾಜ್ಯದ ಸೇನೆಯನ್ನು ಸೋಲಿಸಿದನು. ಸತ್ತ ಶತ್ರುಗಳ ದೇಹಗಳನ್ನು ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ವಿಜಯದ ದಿಬ್ಬವೊಂದನ್ನು ಎಬ್ಬಿಸಬೇಕೆಂದು ಅವನ ಕಡೆಯವನೊಬ್ಬನು ಸೂಚಿಸಿದನು. ಅರಸನು ಒಪ್ಪಲಿಲ್ಲ. ಸತ್ತವರು ತಮ್ಮ ಒಡೆಯನಿಗೆ ನಿಷ್ಠರಾಗಿದ್ದು ಪ್ರಾಣ ಕೊಟ್ಟವರು, ಅವರ ದೇಹಗಳ ಮೇಲೆ ಕೀರ್ತಿಯನ್ನು ಕಟ್ಟುವುದು ಹೇಗೆ ಎಂಬುದು ಅವನ ಪ್ರಶ್ನೆ. ಅದರೊಡನೆ ಅವನು ‘ವೂ’ ಎಂಬ ಅಕ್ಷರವನ್ನು ಬಿಡಿಸಿ ತೋರಿಸಿದನು. ಪರಾಕ್ರಮವನ್ನು, ಸಮರವನ್ನು ಸೂಚಿಸುವ ಆ ಲಿಪಿಚಿಹ್ನೆಯ ಒಂದು ಭಾಗಕ್ಕೆ ‘ನಿಲ್ಲಿಸು’ ಎಂದರ್ಥ, ಇನ್ನೊಂದು ಭಾಗಕ್ಕೆ ‘ಆಯುಧ’ ಎಂದರ್ಥ. ಆದ್ದರಿಂದ ಆಯುಧವನ್ನು ನಿಲ್ಲಿಸುವುದೇ ಪರಾಕ್ರಮ. ‘ತ್ಸುವೊ ಜುವಾನ್’ ಎಂಬ ಪ್ರಾಚೀನ ಇತಿಹಾಸಗ್ರಂಥ ಈ ಪ್ರಸಂಗವನ್ನು ದಾಖಲಿಸಿದೆ. ಇಂದು ಚೀನೀ ಸಮರಕಲೆಗೆ ಸಲ್ಲುವ ‘ವೂಶು’ ಎಂಬ ಹೆಸರಿನಲ್ಲಿರುವುದು ಇದೇ ‘ವೂ’.

ಅರಸನ ನಿರ್ವಚನ ಸುಂದರವಾದುದು. ಆದರೆ ಲಿಪಿಶಾಸ್ತ್ರಜ್ಞರು ಅದನ್ನು ಒಪ್ಪುವುದಿಲ್ಲ. ಚೀನಾದ ಅತಿ ಪ್ರಾಚೀನ ಅಸ್ಥಿಲೇಖಗಳಲ್ಲಿ ಆ ಚಿಹ್ನೆಯ ಕೆಳಭಾಗದಲ್ಲಿ ಇರುವುದು ಮನುಷ್ಯನ ಪಾದದ ಚಿತ್ರ. ಆಯುಧದೊಡನೆ ಪಾದ ಸೇರಿದರೆ ಸಿಗುವ ಅರ್ಥ ಆಯುಧ ಹಿಡಿದು ಮುನ್ನಡೆಯುವುದು, ಅಂದರೆ ದಂಡೆತ್ತಿ ಹೋಗುವುದು. ‘ನಿಲ್ಲಿಸು’ ಎಂಬ ಅರ್ಥ ಆ ಪಾದಕ್ಕೆ ಅನಂತರ ಬಂದುದು. ಹೀಗೆ ಪದದ ಮೂಲ ಒಂದು ಕಡೆಗಿದೆ, ಪದದಿಂದ ಮನುಷ್ಯನು ಪಡೆಯಬಯಸಿದ ನೀತಿ ಇನ್ನೊಂದು ಕಡೆಗಿದೆ. ಚೀನೀ ಸಮರಕಲೆಯ ಇತಿಹಾಸವನ್ನು ಓದುವವರಿಗೆ ಈ ಅಂತರ ಮತ್ತೆ ಮತ್ತೆ ಎದುರಾಗುತ್ತದೆ.

ಈ ಕಲೆಯ ಮೂಲವನ್ನು ಕುರಿತು ಜನಪ್ರಿಯವಾಗಿರುವ ಹೇಳಿಕೆ ಎಲ್ಲರಿಗೂ ಗೊತ್ತು. ದಕ್ಷಿಣ ಭಾರತದ ರಾಜಪುತ್ರನಾದ ಬೋಧಿಧರ್ಮನು ಸನ್ಯಾಸಿಯಾಗಿ ಚೀನಾಕ್ಕೆ ಹೋದನು. ಸೊಂಗ್ ಪರ್ವತದ ಶಾವೊಲಿನ್ ವಿಹಾರದಲ್ಲಿ ಒಂಬತ್ತು ವರ್ಷ ಗೋಡೆಗೆ ಮುಖಮಾಡಿ ಕುಳಿತನು. ಧ್ಯಾನದಲ್ಲಿ ಸೊರಗಿದ ಭಿಕ್ಷುಗಳಿಗೆ ದೇಹಬಲ ಬರಲೆಂದು ಕೆಲವು ವರಸೆಗಳನ್ನು ಕಲಿಸಿದನು. ಅದರಿಂದ ಕುಂಗ್ ಫು ಹುಟ್ಟಿತು. ಚೀನಾದಲ್ಲಿ ಈ ಕಥೆ ಕಾದಂಬರಿ ಮತ್ತು ಚಲನಚಿತ್ರಗಳ ಮೂಲಕ ಹರಡಿತು. ಭಾರತದಲ್ಲಿ 2011ರ ತಮಿಳು ಚಿತ್ರ ‘ಏಳಾಂ ಅರಿವು’ ಬೋಧಿಧರ್ಮನನ್ನು ಪಲ್ಲವ ರಾಜಕುಮಾರನೆಂದು ಚಿತ್ರಿಸಿ ದಕ್ಷಿಣದ ಹೆಮ್ಮೆಯ ವಿಷಯವಾಗಿಸಿತು. ಈ ಕಥೆ ನಿಜವಲ್ಲವೆಂದು ಹೇಳಿಬಿಡುವುದು ಸುಲಭ. ಅದು ಯಾವಾಗ ಹುಟ್ಟಿತು, ಯಾರಿಗೆ ಬೇಕಾಯಿತು, ಏಕೆ ಬೇಕಾಯಿತು ಎಂಬುದನ್ನು ತಿಳಿಯುವುದು ಹೆಚ್ಚು ಉಪಯುಕ್ತ.

ಮೊದಲು ಗಮನಿಸಬೇಕಾದುದೆಂದರೆ, ಚೀನಾದಲ್ಲಿ ಕಾಳಗದ ವಿದ್ಯೆ ಬೌದ್ಧಧರ್ಮಕ್ಕಿಂತ ಹಳೆಯದು. ಕ್ರಿ.ಶ. ಒಂದನೆಯ ಶತಮಾನದಲ್ಲಿ ಬಾನ್ ಗು ಬರೆದ ಹಾನ್ ವಂಶದ ಇತಿಹಾಸದಲ್ಲಿ ಅರಮನೆಯ ಗ್ರಂಥಭಂಡಾರದ ಪಟ್ಟಿಯೊಂದಿದೆ. ಅದರಲ್ಲಿ ಬರಿಗೈ ಕಾಳಗವನ್ನು ಕುರಿತ 6 ಅಧ್ಯಾಯಗಳ ಕೃತಿಯೂ ಖಡ್ಗವಿದ್ಯೆಯನ್ನು ಕುರಿತ 38 ಅಧ್ಯಾಯಗಳ ಕೃತಿಯೂ ದಾಖಲಾಗಿವೆ. ಎರಡೂ ಇಂದು ಉಪಲಬ್ಧವಿಲ್ಲ. ಅದೇ ಇತಿಹಾಸದ ಪ್ರಕಾರ ಕ್ರಿ.ಪೂ. 108ರಲ್ಲಿ ಚಕ್ರವರ್ತಿ ವೂ ಏರ್ಪಡಿಸಿದ ಮಲ್ಲಕ್ರೀಡೆಯನ್ನು ನೋಡಲು 300 ಲೀ ದೂರದವರೆಗಿನ ಜನ ಬಂದಿದ್ದರು. ಒಂದನೆಯ ಶತಮಾನದ ಇನ್ನೊಂದು ಗ್ರಂಥದಲ್ಲಿ ಯುಯೆ ದೇಶದ ಕನ್ಯೆಯೊಬ್ಬಳು ಅರಸನಿಗೆ ಖಡ್ಗವಿದ್ಯೆಯ ತತ್ತ್ವವನ್ನು ವಿವರಿಸುತ್ತಾಳೆ. ಒಳಗೆ ಚೈತನ್ಯವನ್ನು ಗಟ್ಟಿಗೊಳಿಸಿ ಹೊರಗೆ ಶಾಂತವಾಗಿ ಕಾಣಬೇಕೆಂಬ ಅವಳ ಮಾತಿನಲ್ಲಿ ಮುಂದಿನ ಸಮರಕಲೆಗಳ ಪರಿಭಾಷೆಯ ಬೀಜವಿದೆ.

ಇದರ ಪಕ್ಕದಲ್ಲಿಯೇ ಆಯುಧಕ್ಕೆ ಸಂಬಂಧವಿಲ್ಲದ ಇನ್ನೊಂದು ಪರಂಪರೆ ಬೆಳೆದಿತ್ತು. ಅದು ಆರೋಗ್ಯಕ್ಕಾಗಿ ಮಾಡುವ ಉಸಿರಾಟ ಮತ್ತು ಅಂಗಚಲನೆಯ ಅಭ್ಯಾಸ. ಚೀನೀ ಭಾಷೆಯಲ್ಲಿ ಅದಕ್ಕೆ ‘ದಾವ್‌ಯಿನ್’ ಎಂದು ಹೆಸರು. ಮಾವಾಂಗ್‌ದುಯಿಯಲ್ಲಿ ಕ್ರಿ.ಪೂ. 168ರ ಸಮಾಧಿಯೊಂದನ್ನು 1973ರಲ್ಲಿ ಅಗೆದಾಗ, ಇಂಥ ವ್ಯಾಯಾಮದಲ್ಲಿ ತೊಡಗಿರುವ 44 ಸ್ತ್ರೀಪುರುಷರ ಚಿತ್ರಗಳುಳ್ಳ ರೇಷ್ಮೆಪಟ ದೊರೆಯಿತು. ಕ್ರಿ.ಶ. 208ರ ಸುಮಾರಿಗೆ ತೀರಿಕೊಂಡ ವೈದ್ಯ ಹುವಾ ತುವೊ ಹುಲಿ, ಜಿಂಕೆ, ಕರಡಿ, ಕೋತಿ ಮತ್ತು ಹಕ್ಕಿಗಳ ಚಲನೆಯನ್ನು ಅನುಸರಿಸುವ ವ್ಯಾಯಾಮವನ್ನು ಕಲಿಸಿದನೆಂದು ಪ್ರಸಿದ್ಧಿಯಿದೆ. ಕಾಳಗದ ವಿದ್ಯೆ ಮತ್ತು ಈ ಆರೋಗ್ಯವಿದ್ಯೆ ಬಹುಕಾಲ ಬೇರೆ ಬೇರೆಯಾಗಿಯೇ ಹರಿದವು. ಅವೆರಡೂ ಕೂಡಿದ ಕಾಲ ಯಾವುದೆಂಬುದು ಈ ಇತಿಹಾಸದ ಮುಖ್ಯ ಪ್ರಶ್ನೆ.

ಇನ್ನು ಬೋಧಿಧರ್ಮನ ವಿಚಾರ. ಅವನ ಹೆಸರು ಮೊದಲು ಕಾಣುವುದು ಯಾಂಗ್ ಶುವಾನ್‌ಜಿ ಎಂಬ ಅಧಿಕಾರಿ 547ರಲ್ಲಿ ಬರೆದ ಲೋಯಾಂಗ್ ನಗರದ ವಿಹಾರಗಳ ವರ್ಣನೆಯಲ್ಲಿ. ಅಲ್ಲಿ ಅವನು ಪಶ್ಚಿಮ ದೇಶಗಳ ಕಡೆಯಿಂದ ಬಂದ ಪಾರಸೀಕ ಸನ್ಯಾಸಿ. ಯೊಂಗ್‌ನಿಂಗ್ ವಿಹಾರದ ಗೋಪುರವನ್ನು ಕಂಡು ಬೆರಗಾಗಿ ಕೈಮುಗಿದವನು. ಸುಮಾರು ನೂರು ವರ್ಷಗಳ ಅನಂತರ, 645ರಲ್ಲಿ, ದಾವ್‌ಶುವಾನ್ ತನ್ನ ಭಿಕ್ಷುಚರಿತೆಗಳ ಸಂಗ್ರಹದಲ್ಲಿ ಅವನನ್ನು ದಕ್ಷಿಣ ಭಾರತದ ಬ್ರಾಹ್ಮಣನೆಂದು ಕರೆಯುತ್ತಾನೆ. ತಾನ್‌ಲಿನ್ ಎಂಬವನ ಹೆಸರಿನಲ್ಲಿರುವ ಮುನ್ನುಡಿಯೊಂದು ಅವನನ್ನು ದಕ್ಷಿಣದ ಮಹಾರಾಜನೊಬ್ಬನ ಮೂರನೆಯ ಮಗನೆನ್ನುತ್ತದೆ. ಪಾರಸೀಕ, ಬ್ರಾಹ್ಮಣ, ರಾಜಪುತ್ರ ಎಂಬ ಈ ಮೂರರಲ್ಲಿ ಯಾವುದನ್ನು ಒಪ್ಪಿದರೂ ಒಂದು ಸಂಗತಿ ಬದಲಾಗುವುದಿಲ್ಲ: ಈ ಯಾವ ದಾಖಲೆಯೂ ಅವನಿಗೂ ಕಾಳಗದ ವಿದ್ಯೆಗೂ ನಂಟು ಕಲ್ಪಿಸಿಲ್ಲ. ಶಾವೊಲಿನ್ ವಿಹಾರದೊಡನೆ ಅವನ ಹೆಸರು ಸೇರಿಕೊಂಡದ್ದೂ ಎಂಟನೆಯ ಶತಮಾನದ ಆರಂಭದ ಹೊತ್ತಿಗೆ.

ಶಾವೊಲಿನ್ ವಿಹಾರದ ಸ್ಥಾಪನೆಗೆ ಕಾರಣನಾದ ಭಾರತೀಯನು ಬೇರೊಬ್ಬ. ಐದನೆಯ ಶತಮಾನದ ಕೊನೆಯಲ್ಲಿ ಉತ್ತರ ವೇಯ್ ವಂಶದ ಚಕ್ರವರ್ತಿ ಶಿಯಾವ್‌ವೆನ್ ಅದನ್ನು ಕಟ್ಟಿಸಿಕೊಟ್ಟದ್ದು, ಚೀನೀಯರು ಬತುವೊ ಎಂದು ಕರೆಯುವ ಭಿಕ್ಷುವಿಗಾಗಿ. ದಾವ್‌ಶುವಾನನ ಸಂಗ್ರಹದಲ್ಲಿ ಅವನನ್ನು ಕುರಿತ ಒಂದು ಮುದ್ದಾದ ಪ್ರಸಂಗವಿದೆ. ಲೋಯಾಂಗಿನ ಬೀದಿಯಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬ ಬಾವಿಯ ಕಟ್ಟೆಯ ಮೇಲೆ ನಿಂತು ಗರಿಚೆಂಡನ್ನು ಒಂದೇ ಸಮನೆ 500 ಬಾರಿ ಒದೆಯುತ್ತಿದ್ದನು. ಬತುವೊ ಅದನ್ನು ನೋಡಿ, ಆಟದಲ್ಲಿ ಇಷ್ಟು ಏಕಾಗ್ರತೆಯುಳ್ಳವನು ಧರ್ಮದಲ್ಲಿಯೂ ಮುಂದೆ ಬರಬಲ್ಲನೆಂದು ತಿಳಿದು ಶಿಷ್ಯನನ್ನಾಗಿ ಮಾಡಿಕೊಂಡನು. ಆ ಹುಡುಗನೇ ಮುಂದೆ ವಿನಯಶಾಸ್ತ್ರದಲ್ಲಿ ಹೆಸರಾದ ಹುಯಿಗುವಾಂಗ್. ಈಗ ಕೆಲವರು ಇದನ್ನೂ ಸಮರಕಲೆಯ ಆರಂಭವೆಂದು ತೋರಿಸುವುದುಂಟು. ಕಥೆಯಲ್ಲಿರುವುದು ಹುಡುಗಾಟ ಮತ್ತು ಅದನ್ನು ಗುರುತಿಸಿದ ಗುರುವಿನ ಕಣ್ಣು ಮಾತ್ರ.

ಶಾವೊಲಿನ್ ಭಿಕ್ಷುಗಳು ಯುದ್ಧ ಮಾಡಿದರೆಂಬುದಕ್ಕೆ ಖಚಿತವಾದ ಸಾಕ್ಷ್ಯ ದೊರೆಯುವುದು 728ರ ಶಿಲಾಶಾಸನದಲ್ಲಿ. ಅದು ಇಂದಿಗೂ ವಿಹಾರದಲ್ಲಿದೆ. 621ರಲ್ಲಿ, ತಾಂಗ್ ವಂಶ ಸಿಂಹಾಸನಕ್ಕಾಗಿ ಹೋರಾಡುತ್ತಿದ್ದಾಗ, ಮುಂದೆ ಚಕ್ರವರ್ತಿಯಾದ ಲಿ ಶಿಮಿನ್‌ನ ಪರವಾಗಿ ಶಾವೊಲಿನ್ ಭಿಕ್ಷುಗಳು ನಿಂತರು. ಎದುರಾಳಿ ವಾಂಗ್ ಶಿಚೊಂಗ್‌ನ ಸೈನಿಕರನ್ನು ವಿಹಾರಕ್ಕೆ ಸೇರಿದ್ದ ಕಣಿವೆಯ ಜಮೀನಿನಿಂದ ಓಡಿಸಿ, ಅವನ ಸಹೋದರನ ಮಗನಾದ ವಾಂಗ್ ರೆನ್‌ತ್ಸೆಯನ್ನು ಸೆರೆಹಿಡಿದು ಒಪ್ಪಿಸಿದರು. ಶಾಸನದಲ್ಲಿ ಹದಿಮೂರು ಭಿಕ್ಷುಗಳ ಹೆಸರಿದೆ. ಅವರಲ್ಲಿ ತಾನ್‌ತ್ಸೊಂಗ್ ಎಂಬವನಿಗೆ ಮಹಾದಂಡನಾಯಕನ ಪದವಿ ದೊರೆಯಿತು. ವಿಹಾರಕ್ಕೆ 40 ಚಿಂಗ್ ಭೂಮಿಯೂ ನೀರಿನಿಂದ ತಿರುಗುವ ಒಂದು ಗಿರಣಿಯೂ ದತ್ತಿಯಾಗಿ ಬಂದವು.

ಶಾಸನಗಳನ್ನು ಓದಿ ಬಲ್ಲವರಿಗೆ ಇದರ ಸ್ವರೂಪ ಕೂಡಲೇ ತಿಳಿಯುತ್ತದೆ. ಇದು ವೀರಗಾಥೆಯಲ್ಲ, ದತ್ತಿಶಾಸನ. ಕೊಟ್ಟ ಭೂಮಿಯನ್ನು ಸರ್ಕಾರ ಒಮ್ಮೆ ಹಿಂದಕ್ಕೆ ಪಡೆದು, ಭಿಕ್ಷುಗಳು ಹಳೆಯ ಸೇವೆಯನ್ನು ನೆನಪಿಸಿದ ಮೇಲೆ ಮರಳಿ ಕೊಟ್ಟಿತ್ತು. ಶತಮಾನದ ಅನಂತರ ಮತ್ತೊಬ್ಬ ಚಕ್ರವರ್ತಿ ವಿಹಾರಗಳ ಆಸ್ತಿಯ ಮೇಲೆ ಕಣ್ಣಿಟ್ಟಾಗ, ಲಿ ಶಿಮಿನ್‌ನ ಪತ್ರವನ್ನು ಅವನ ಸಹಿಯೊಡನೆ ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸುವುದು ಭಿಕ್ಷುಗಳಿಗೆ ಅಗತ್ಯವಾಯಿತು. ಯುದ್ಧ ಅಲ್ಲಿ ಬರುವುದು ಭೂಮಿಯ ಹಕ್ಕಿಗೆ ಕಾರಣವಾಗಿ. ಭಿಕ್ಷುಗಳು ಯಾವ ಆಯುಧ ಹಿಡಿದರು, ಯಾವ ವರಸೆ ಬಲ್ಲವರಾಗಿದ್ದರು, ಅವರಿಗೆ ಕಲಿಸಿದವರು ಯಾರು ಎಂಬುದನ್ನು ಶಾಸನ ಹೇಳುವುದಿಲ್ಲ. ಬೋಧಿಧರ್ಮನ ವಿದ್ಯೆಯ ಮಾತಂತೂ ಇಲ್ಲವೇ ಇಲ್ಲ. ಹದಿಮೂರು ಜನ ಹೋರಾಡಿದರು ಎಂಬಷ್ಟೇ ಸಂಗತಿ ಕಲ್ಲಿನಲ್ಲಿ ನಿಂತಿದೆ.

ಇಲ್ಲಿಂದ ಮುಂದೆ ಕಥೆಗಳು ಏಕೆ ಬೇಕಾದವೆಂಬುದು ಜೈನ ಮತ್ತು ಬೌದ್ಧ ಆಚಾರಗಳನ್ನು ಬಲ್ಲವರಿಗೆ ಕಷ್ಟವಿಲ್ಲದೆ ಅರ್ಥವಾಗಬಹುದು. ಪ್ರಾಣಾತಿಪಾತದಿಂದ ವಿರತನಾಗುವುದು ಎರಡೂ ಶ್ರಮಣಧರ್ಮಗಳಲ್ಲಿ ಮೊದಲನೆಯ ವ್ರತ. ಬೌದ್ಧ ವಿನಯದಲ್ಲಿ ಮನುಷ್ಯನನ್ನು ಕೊಂದ ಭಿಕ್ಷು ಪಾರಾಜಿಕ ದೋಷಕ್ಕೆ ಒಳಗಾಗಿ ಸಂಘದಿಂದಲೇ ಹೊರಗಾಗುತ್ತಾನೆ. ರಾಜನು ಹೊಲ ಕೊಟ್ಟು ಮನ್ನಿಸಿದ ಮಾತ್ರಕ್ಕೆ ಆ ವ್ರತ ಸುಮ್ಮನಾಗುವುದಿಲ್ಲ. ಆದ್ದರಿಂದ ಕೈಯಲ್ಲಿ ದೊಣ್ಣೆ ಹಿಡಿದ ಭಿಕ್ಷುವಿಗೆ ಅರಸನ ಆಜ್ಞೆಗಿಂತ ದೊಡ್ಡದಾದ ಒಂದು ಅಪ್ಪಣೆ ಬೇಕಾಗುತ್ತದೆ. ಆ ಅಪ್ಪಣೆಯನ್ನು ಕೊಡುವ ಕೆಲಸ ಕಥೆಯ ಪಾಲಿಗೆ ಬಂತು.

ಅಂಥ ಕಥೆಗಳಲ್ಲಿ ಹಳೆಯದೊಂದನ್ನು ಎಂಟನೆಯ ಶತಮಾನದ ಮೊದಲ ಭಾಗದಲ್ಲಿದ್ದ ಜಾಂಗ್ ಜುವೊ ಬರೆದಿಟ್ಟಿದ್ದಾನೆ. ಅದರ ನಾಯಕ ಬತುವೊನ ಶಿಷ್ಯನಾದ ಸೆಂಗ್‌ಚೌ. ಬಾಲಕನಾಗಿದ್ದಾಗ ಅವನು ದುರ್ಬಲ. ಜೊತೆಯ ಶ್ರಾಮಣೇರರು ಅವನನ್ನು ಹಿಡಿದು ಹೊಡೆಯುತ್ತಿದ್ದರು. ಅವನು ವಜ್ರಪಾಣಿಯ ಮೂರ್ತಿಯ ಪಾದ ಹಿಡಿದು ಆರು ದಿನ ಬಲಕ್ಕಾಗಿ ಬೇಡಿದನು. ದೇವತೆ ಪ್ರತ್ಯಕ್ಷವಾಗಿ ಪಾತ್ರೆಯ ತುಂಬ ಮಾಂಸದ ಸ್ನಾಯುಗಳನ್ನು ತಂದಿಟ್ಟಿತು. ಮಾಂಸ ತಿನ್ನುವುದು ಭಿಕ್ಷುಗಳಿಗೆ ಸಲ್ಲದೆಂದು ಬಾಲಕ ಹಿಂಜರಿದನು. ದೇವತೆ ವಜ್ರವನ್ನು ಎತ್ತಿ ಹೆದರಿಸಿತು. ಅವನು ತಿಂದನು, ಬಲಶಾಲಿಯಾದನು. ಬಲಕ್ಕೂ ವ್ರತಭಂಗಕ್ಕೂ ಇರುವ ನಂಟನ್ನು ಈ ಕಥೆ ಬಚ್ಚಿಡುವುದಿಲ್ಲ. ವ್ರತವನ್ನು ಮುರಿದವನು ತಾನಲ್ಲ, ದೇವತೆಯೇ ಮುರಿಸಿತು ಎಂಬುದು ಅದರ ಸಮಾಧಾನ.

ಎರಡನೆಯ ಕಥೆ ಮಿಂಗ್ ವಂಶದ ಕಾಲದ್ದು. ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ ಕೆಂಪು ರುಮಾಲಿನ ದಂಗೆಕೋರರು ಶಾವೊಲಿನ್ ಮೇಲೆ ಏರಿಬಂದರಂತೆ. ಅಡುಗೆಮನೆಯಲ್ಲಿ ಊಳಿಗದಲ್ಲಿದ್ದ ಒಬ್ಬನು ಬೆಂಕಿ ಕೆದಕುವ ಕೋಲನ್ನೇ ಹಿಡಿದು ಹೊರಬಂದು, ಬೆಟ್ಟದಷ್ಟು ಎತ್ತರಕ್ಕೆ ಬೆಳೆದು ನಿಂತನು, ದಂಗೆಕೋರರು ಓಡಿದರು. ಅವನು ಕಿನ್ನರರಾಜನೆಂದು ಆಮೇಲೆ ತಿಳಿಯಿತು. ಈ ಕಥೆಯ ಒಂದು ರೂಪ ಹದಿನಾರನೆಯ ಶತಮಾನದ ಆರಂಭದ ಶಾಸನವೊಂದರಲ್ಲಿಯೂ ಸಿಗುತ್ತದೆ. ವಿಹಾರದಲ್ಲಿ ಹಲವು ವರ್ಷ ಕಲಿತು, ಹದಿನೇಳನೆಯ ಶತಮಾನದ ಆರಂಭದಲ್ಲಿ ಶಾವೊಲಿನ್ ದೊಣ್ಣೆವರಸೆಯ ಕೈಪಿಡಿಯನ್ನು ರಚಿಸಿದ ಚೆಂಗ್ ಜೊಂಗ್‌ಯೋ ಆ ವಿದ್ಯೆಯ ಮೂಲಗುರುವೆಂದು ಹೇಳುವುದು ಕಿನ್ನರನನ್ನು. ಅಂದರೆ ಆ ಹೊತ್ತಿನಲ್ಲಿ ಶಾವೊಲಿನ್ ಭಿಕ್ಷುಗಳಿಗೇ ಬೋಧಿಧರ್ಮನು ಸಮರವಿದ್ಯೆಯ ಆದಿಗುರುವಾಗಿರಲಿಲ್ಲ. ಕಿನ್ನರ, ಯಕ್ಷ ಮೊದಲಾದ ಶಬ್ದಗಳು ಜೈನ ಪುರಾಣಗಳನ್ನು ಓದುವವರಿಗೆ ವ್ಯಂತರದೇವರ ಎಂಟು ಭೇದಗಳಿಂದ ಪರಿಚಿತ. ಅದೇ ಕಿನ್ನರ ಚೀನಾದಲ್ಲಿ ‘ಜಿನ್ನಲುವೊ’ ಎಂಬ ಉಚ್ಚಾರಣೆ ಪಡೆದು, ವಿಹಾರದ ಒಲೆಯ ಮುಂದೆ ದೊಣ್ಣೆ ಹಿಡಿದು ನಿಂತಿದ್ದಾನೆ. ಶಾವೊಲಿನ್ ಇತಿಹಾಸವನ್ನು ಕುರಿತು 2008ರಲ್ಲಿ ಗ್ರಂಥ ಬರೆದ ಮೆಯಿರ್ ಶಹರ್ ತೋರಿಸಿರುವಂತೆ, ವಾಸ್ತವದಲ್ಲಿ ಆ ದಂಗೆಕೋರರು ವಿಹಾರವನ್ನು ಹಾಳುಗೆಡವಿದ್ದರು, ಭಿಕ್ಷುಗಳು ಬಿಟ್ಟು ಹೋಗಬೇಕಾಗಿತ್ತು. ನಡೆದ ಸೋಲನ್ನು ಕಥೆ ಗೆಲುವಾಗಿಸಿತು.

ಆದರೆ ದೊಣ್ಣೆವರಸೆ ಮಾತ್ರ ಕಥೆಯಾಗಿರಲಿಲ್ಲ. ಹದಿನಾರನೆಯ ಶತಮಾನದಲ್ಲಿ ಚೀನಾದ ಪೂರ್ವ ಕರಾವಳಿಯನ್ನು ಕಡಲುಗಳ್ಳರು ಪೀಡಿಸುತ್ತಿದ್ದಾಗ ಸರ್ಕಾರ ಭಿಕ್ಷುಗಳ ಪಡೆಗಳನ್ನೂ ಕರೆಸಿಕೊಂಡಿತು. 1553ರ ಜುಲೈ ತಿಂಗಳಲ್ಲಿ ಶಾವೊಲಿನ್‌ನವರೂ ಇತರ ವಿಹಾರಗಳವರೂ ಸೇರಿದ್ದ 120 ಭಿಕ್ಷುಗಳ ತಂಡವು ಕಳ್ಳರ ಗುಂಪೊಂದನ್ನು ಸೋಲಿಸಿ, ಹತ್ತು ದಿನ ಬೆನ್ನಟ್ಟಿ, ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಭಿಕ್ಷುಗಳಲ್ಲಿ ಸತ್ತವರು ನಾಲ್ವರು. ಸೈನಿಕ ದೃಷ್ಟಿಯಿಂದ ಅದೊಂದು ಅಪೂರ್ವ ವಿಜಯ. ಆದರೆ ಆ ಕಾಲದ ವರದಿಯಲ್ಲಿಯೇ ಇನ್ನೊಂದು ವಿವರವಿದೆ: ಓಡಿಹೋಗುತ್ತಿದ್ದ ಕಳ್ಳನೊಬ್ಬನ ಹೆಂಡತಿಯನ್ನು ಒಬ್ಬ ಭಿಕ್ಷು ಕಬ್ಬಿಣದ ದಂಡದಿಂದ ಹೊಡೆದು ಕೊಂದನು. ಶಾವೊಲಿನ್ ವೀರರನ್ನು ಕೊಂಡಾಡುವ ಚಲನಚಿತ್ರಗಳಲ್ಲಿ ಈ ಹೆಂಗಸಿಗೆ ಸ್ಥಳವಿಲ್ಲ. ಅವಳ ಹೆಸರೂ ದಾಖಲೆಯಲ್ಲಿಲ್ಲ. ಕಿನ್ನರನ ಕಥೆ ಯಾವ ಭಾರವನ್ನು ಹೊರಲು ಹುಟ್ಟಿತೆಂದು ಕೇಳುವವರು ಈ ಒಂದು ಸಾಲನ್ನು ಮರೆಯಲಾಗದು.

ಇಷ್ಟಾದರೂ ಜಗತ್ತು ಇಂದು ಕುಂಗ್ ಫು ಎಂದೊಡನೆ ನೆನೆಯುವುದು ದೊಣ್ಣೆಯನ್ನಲ್ಲ, ಬರಿಗೈಯನ್ನು. ಅದು ಮುಖ್ಯಸ್ಥಾನಕ್ಕೆ ಬಂದದ್ದು ತಡವಾಗಿ. ಕಡಲುಗಳ್ಳರ ವಿರುದ್ಧ ಹೋರಾಡಿದ ದಂಡನಾಯಕ ಚಿ ಜಿಗ್ವಾಂಗ್ (1528–1588) ತನ್ನ ಸೈನ್ಯಶಿಕ್ಷಣದ ಗ್ರಂಥದಲ್ಲಿ ಬರಿಗೈ ಕಾಳಗದ 32 ಭಂಗಿಗಳನ್ನು ಚಿತ್ರಸಹಿತ ಕೊಟ್ಟಿದ್ದಾನೆ. ದೊಡ್ಡ ಯುದ್ಧದಲ್ಲಿ ಮುಷ್ಟಿವಿದ್ಯೆಯಿಂದ ಹೆಚ್ಚು ಪ್ರಯೋಜನವಿಲ್ಲ, ಕೈಕಾಲು ಪಳಗಲು ಮತ್ತು ಆಯುಧವಿದ್ಯೆಗೆ ಪ್ರವೇಶ ದೊರಕಲು ಮಾತ್ರ ಅದು ಉಪಯುಕ್ತ ಎಂಬುದು ಅವನ ಸ್ಪಷ್ಟ ಅಭಿಪ್ರಾಯ. ಶಾವೊಲಿನ್ನಿನ ಭಿಕ್ಷುಗಳಲ್ಲಿ ಹಲವರು ದೊಣ್ಣೆಯನ್ನು ಬಿಟ್ಟು ಮುಷ್ಟಿಯನ್ನು ಅಭ್ಯಾಸ ಮಾಡುವುದೇಕೆ ಎಂಬ ಪ್ರಶ್ನೆಗೆ ಚೆಂಗ್ ಜೊಂಗ್‌ಯೋ ಕೊಟ್ಟಿರುವ ಉತ್ತರವೂ ಮುಖ್ಯವಾದುದು. ಮುಷ್ಟಿವಿದ್ಯೆ ಇನ್ನೂ ದೇಶದಲ್ಲಿ ಪ್ರಚಾರಕ್ಕೆ ಬಂದಿಲ್ಲ. ದೊಣ್ಣೆಯಂತೆ ಅದನ್ನೂ ಆಚೆಯ ದಡ ಸೇರಿಸುವ ಸಾಧನವಾಗಿಸಲು ಭಿಕ್ಷುಗಳು ಯತ್ನಿಸುತ್ತಿದ್ದಾರೆ ಎಂಬ ಅಭಿಪ್ರಾಯ ಅವನದು. ಸಾವಿರ ವರ್ಷಗಳ ಹಿಂದೆ ಬೋಧಿಧರ್ಮನು ಕಲಿಸಿದನೆಂದು ಈಗ ಹೇಳಲಾಗುವ ವಿದ್ಯೆ ಹದಿನೇಳನೆಯ ಶತಮಾನದ ಆರಂಭದಲ್ಲಿ ವಿಹಾರದ ಒಳಗೇ ಹೊಸದಾಗಿತ್ತು.

ಬಂದೂಕು ಬಂದಾಗಿದ್ದ ಕಾಲದಲ್ಲಿ ಬರಿಗೈ ಕಾಳಗ ಬೆಳೆದದ್ದೇಕೆ? ಯುದ್ಧಕ್ಕೆ ಅದು ಅಷ್ಟಾಗಿ ಬೇಡವಾದದ್ದರಿಂದಲೇ ಎನ್ನಬೇಕು. ಕೊಲ್ಲುವ ಹೊಣೆಯಿಂದ ಬಿಡುಗಡೆಯಾದ ವಿದ್ಯೆ ಆರೋಗ್ಯದ, ಉಸಿರಿನ, ಚಿತ್ತದ ಸಾಧನೆಯ ಕಡೆಗೆ ತಿರುಗಲು ಸಾಧ್ಯವಾಯಿತು. ಮಾವಾಂಗ್‌ದುಯಿಯ ರೇಷ್ಮೆಪಟದಲ್ಲಿ ಕಂಡ ದಾವ್‌ಯಿನ್ ಪರಂಪರೆಯೂ ಕಾಳಗದ ಪರಂಪರೆಯೂ ಕೂಡಿಕೊಂಡದ್ದು ಮಿಂಗ್ ವಂಶದ ಕೊನೆ ಮತ್ತು ಚಿಂಗ್ ವಂಶದ ಆರಂಭದ ಈ ಹೊತ್ತಿನಲ್ಲಿ. ಇಂದು ‘ಸಮರಕಲೆ’ ಎಂದು ಕರೆಯುವ ವಿದ್ಯೆ, ಅಂದರೆ ಏಕಕಾಲದಲ್ಲಿ ಕಾಳಗವೂ ವ್ಯಾಯಾಮವೂ ಧ್ಯಾನವೂ ಆದದ್ದು, ಆ ಸಂಗಮದ ಫಲ.

ಬೋಧಿಧರ್ಮನು ಪ್ರವೇಶಿಸುವುದೂ ಈ ಸಂಗಮದಲ್ಲಿಯೇ. 1624ರ ದಿನಾಂಕವುಳ್ಳ ‘ಯಿಜಿನ್ ಜಿಂಗ್’, ಅಂದರೆ ಸ್ನಾಯು ಪರಿವರ್ತನೆಯ ಗ್ರಂಥ, ದೇಹವನ್ನು ದೃಢಗೊಳಿಸುವ ಅಭ್ಯಾಸಗಳನ್ನು ಬೋಧಿಧರ್ಮನ ಹೆಸರಿಗೆ ಹಚ್ಚಿತು. ಅದರ ಕರ್ತೃ ತನ್ನನ್ನು ಗುಪ್ತನಾಮದಿಂದ ಕರೆದುಕೊಂಡ ದಾವ್ ಪಂಥದ ಒಬ್ಬ ಸಾಧಕ. ಗ್ರಂಥಕ್ಕೆ ಪ್ರಾಚೀನತೆ ಬರಲೆಂದು ಎರಡು ಮುನ್ನುಡಿಗಳು ಸೇರಿವೆ: ಒಂದು ಏಳನೆಯ ಶತಮಾನದ ದಂಡನಾಯಕ ಲಿ ಜಿಂಗ್‌ನ ಹೆಸರಿನಲ್ಲಿ, ಇನ್ನೊಂದು ಹನ್ನೆರಡನೆಯ ಶತಮಾನದ ನಿಯು ಗಾವ್‌ನ ಹೆಸರಿನಲ್ಲಿ. ಚಿಂಗ್ ಕಾಲದ ವಿದ್ವಾಂಸ ಲಿಂಗ್ ತಿಂಗ್‌ಕಾನ್ (1757–1809) ಇವೆರಡೂ ಕೃತಕವೆಂದು ಗುರುತಿಸಿದನು. ತಾನು ಗ್ರಂಥವನ್ನು ಪಡೆದದ್ದು ‘ಸುರುಳಿಗಡ್ಡದ ವೀರ’ನಿಂದ ಎಂದು ಲಿ ಜಿಂಗ್ ಮುನ್ನುಡಿಯಲ್ಲಿ ಹೇಳುತ್ತಾನೆ, ಆ ವೀರನಾದರೋ ತಾಂಗ್ ಕಾಲದ ಕೊನೆಯ ಕಾಲ್ಪನಿಕ ಕಥೆಯೊಂದರ ಪಾತ್ರ. ಇದನ್ನು ಬರೆದವನು ಅಜ್ಞನಾದ ಹಳ್ಳಿಯ ಉಪಾಧ್ಯಾಯನಿರಬೇಕೆಂದು ಲಿಂಗ್ ಹಾಸ್ಯ ಮಾಡಿದನು. ಗ್ರಂಥಸಂಪಾದನೆಯ ದೃಷ್ಟಿಯಿಂದ ತೀರ್ಪು ಅಲ್ಲಿಗೆ ಮುಗಿಯಿತು. ಆದರೆ ಕಥೆ ಮುಗಿಯಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಿಯು ಎ ಬರೆದ ‘ಲಾವ್ ತ್ಸಾನ್‌ನ ಪ್ರವಾಸ’ ಎಂಬ ಜನಪ್ರಿಯ ಕಾದಂಬರಿಯೂ, 1915ರ ಶಾವೊಲಿನ್ ಮುಷ್ಟಿವಿದ್ಯೆಯ ‘ರಹಸ್ಯ’ಗ್ರಂಥವೂ ಬೋಧಿಧರ್ಮನನ್ನು ಮುಷ್ಟಿವಿದ್ಯೆಯ ಆದಿಗುರುವಾಗಿ ಮನೆಮಾತು ಮಾಡಿದವು.

ಎದುರು ಪಕ್ಷವೂ ತನ್ನ ಮೂಲಪುರುಷನನ್ನು ಕಂಡುಕೊಂಡಿತು. 1669ರಲ್ಲಿ ಇತಿಹಾಸಕಾರ ಹುವಾಂಗ್ ಜೊಂಗ್‌ಶಿ ತನ್ನ ಪರಿಚಿತ ವಾಂಗ್ ಜೆಂಗ್‌ನಾನ್ ಎಂಬ ಮುಷ್ಟಿಪಟುವಿನ ಸಮಾಧಿಲೇಖವನ್ನು ಬರೆದನು. ಶಾವೊಲಿನ್ ವಿದ್ಯೆ ‘ಹೊರಗಿನ’ದು, ವಾಂಗ್ ಕಲಿತದ್ದು ‘ಒಳಗಿನ’ದು ಎಂಬ ವಿಂಗಡಣೆ ಮೊದಲು ಕಾಣುವುದು ಅಲ್ಲಿ. ವೂದಾಂಗ್ ಪರ್ವತದ ದಾವ್ ಸಾಧಕ ಜಾಂಗ್ ಸಾನ್‌ಫೆಂಗ್‌ನಿಗೆ ಕನಸಿನಲ್ಲಿ ದೇವತೆ ಈ ವಿದ್ಯೆಯನ್ನು ಕಲಿಸಿತು, ಮರುದಿನ ಅವನೊಬ್ಬನೇ ನೂರಕ್ಕೂ ಹೆಚ್ಚು ದರೋಡೆಕೋರರನ್ನು ಕೊಂದನು ಎಂಬ ಕಥೆಯೂ ಅಲ್ಲಿದೆ. ಹುವಾಂಗ್ ಮತ್ತು ವಾಂಗ್ ಇಬ್ಬರೂ ಪತನಗೊಂಡ ಮಿಂಗ್ ವಂಶಕ್ಕೆ ನಿಷ್ಠರಾಗಿ ಮಂಚು ಆಳರಸರನ್ನು ವಿರೋಧಿಸಿದವರು. ಹೊರಗಿನಿಂದ ಬಂದ ಬೌದ್ಧರ ವಿದ್ಯೆಗೆ ಎದುರಾಗಿ ನೆಲದ ವಿದ್ಯೆಯನ್ನು ಎತ್ತಿಹಿಡಿಯುವಾಗ ಹುವಾಂಗ್‌ನ ಮನಸ್ಸಿನಲ್ಲಿ ಇದ್ದದ್ದು ಮಂಚುಗಳೇ ಎಂದು ಕೆಲವು ವಿದ್ವಾಂಸರು ಓದಿದ್ದಾರೆ. ವಾಂಗ್ ಸೋತ ದೇಶಕ್ಕಾಗಿ ಶೋಕದ ಗುರುತಾಗಿ ಬದುಕಿನ ಕೊನೆಯವರೆಗೆ ಸಸ್ಯಾಹಾರಿಯಾಗಿ ಉಳಿದನೆಂದು ಸಮಾಧಿಲೇಖ ತಿಳಿಸುತ್ತದೆ. ದೇವತೆ ಮಾಂಸ ತಿನ್ನಿಸಿ ಬಲ ಕೊಟ್ಟ ಸೆಂಗ್‌ಚೌನ ಕಥೆಯ ಎದುರಿಗೆ ಈ ಐತಿಹಾಸಿಕ ವ್ಯಕ್ತಿಯ ವ್ರತವನ್ನು ಇಟ್ಟು ನೋಡಬೇಕು.

ಹುವಾಂಗ್‌ನ ಮಗ ಬೈಜಿಯಾ ವಾಂಗ್‌ನಲ್ಲಿ ಕಲಿತವನು. ಯೌವನದ ಉತ್ಸಾಹ ತಗ್ಗಿದ ಮೇಲೆ ವಿದ್ಯೆಯನ್ನು ಕೈಬಿಟ್ಟು ಓದಿಗೆ ತಿರುಗಿದನು. ಗುರು ತೀರಿಕೊಂಡ ಮೇಲೆ, ಅವನ ವಿದ್ಯೆಗೆ ವಾರಸುದಾರರಿಲ್ಲದೆ ಹೋಯಿತೆಂದು ಪಶ್ಚಾತ್ತಾಪಪಟ್ಟು ನೆನಪಿದ್ದಷ್ಟನ್ನು ಬರೆದಿಟ್ಟನು. ಅವನ ಆ ಚಿಕ್ಕ ಬರಹದಲ್ಲಿ ದೇವತೆಯ ಕನಸಿಗಿಂತ ಹೆಚ್ಚು ನಂಬಲರ್ಹವಾದ ಒಂದು ಸತ್ಯವಿದೆ: ವಿದ್ಯೆ ಬರುವುದು ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ, ಒಬ್ಬನು ಕೈಬಿಟ್ಟರೆ ಅಲ್ಲಿಗೆ ನಿಲ್ಲುತ್ತದೆ.

ಕಥೆಗಳ ಬೆಲೆಯನ್ನು ದೇಶ ತೆರಬೇಕಾದ ಕಾಲವೂ ಬಂತು. 1900ರಲ್ಲಿ ವಿದೇಶೀಯರ ವಿರುದ್ಧ ಎದ್ದ ಯಿಹೆತುವಾನ್ ದಂಗೆಯಲ್ಲಿ, ದೇವತೆಗಳು ಮೈಮೇಲೆ ಬಂದರೆ ಗುಂಡು ತಾಗದೆಂದು ನಂಬಿದ ಹಳ್ಳಿಯ ಯುವಕರು ಬಂದೂಕಿನ ಮುಂದೆ ನಿಂತು ಸತ್ತರು. ಅನಂತರದ ಸುಧಾರಕರು ಈ ಕಲೆಯನ್ನು ಮೂಢನಂಬಿಕೆಯಿಂದ ಬಿಡಿಸಿ ರಾಷ್ಟ್ರೀಯ ವ್ಯಾಯಾಮವಾಗಿಸಲು ಯತ್ನಿಸಿದರು. 1910ರಲ್ಲಿ ಶಾಂಘೈಯಲ್ಲಿ ಜಿಂಗ್‌ವೂ ಸಂಸ್ಥೆ, 1928ರಲ್ಲಿ ನಾನ್‌ಜಿಂಗ್‌ನಲ್ಲಿ ಕೇಂದ್ರ ಗುವೊಶು ಸಂಸ್ಥೆ ಹುಟ್ಟಿದವು. ಎರಡನೆಯದು ಮೊದಲಿಗೆ ಶಾವೊಲಿನ್ ಮತ್ತು ವೂದಾಂಗ್ ಎಂಬ ಎರಡು ವಿಭಾಗಗಳನ್ನು ಮಾಡಿತು. ವಿಭಾಗಗಳ ಮುಖ್ಯಸ್ಥರೇ ಕೈಕೈ ಮಿಲಾಯಿಸಿದ್ದರಿಂದ ಬೇಗನೆ ಅವನ್ನು ರದ್ದುಪಡಿಸಬೇಕಾಯಿತು. ಅದೇ 1928ರಲ್ಲಿ, ಸೇನಾನಾಯಕ ಶಿ ಯೋಸಾನ್‌ನ ಪಡೆ ನಿಜವಾದ ಶಾವೊಲಿನ್ ವಿಹಾರಕ್ಕೆ ಬೆಂಕಿಯಿಟ್ಟಿತು. ಪ್ರಮುಖ ಭವನಗಳೂ ಗ್ರಂಥಗಳೂ ಸುಟ್ಟುಹೋದವು. ಶಾಸನ ನಿಂತು ಆಗ ಸರಿಯಾಗಿ 1200 ವರ್ಷ.

ಆ ಸಂಸ್ಥೆಯಲ್ಲಿ ತಾಂಗ್ ಹಾವೊ ಎಂಬವನಿದ್ದನು. ಅವನು ಜಪಾನಿನಲ್ಲಿ ಕಾನೂನು ಓದಿದ ವಕೀಲ, ಸ್ವತಃ ಸಮರಕಲೆಯ ಅಭ್ಯಾಸಿ. ನ್ಯಾಯಾಲಯದಲ್ಲಿ ಸಾಕ್ಷ್ಯವನ್ನು ಪರೀಕ್ಷಿಸುವಂತೆ ಅವನು ಸಮರಕಲೆಯ ಮೂಲಪುರುಷರನ್ನು ಪರೀಕ್ಷಿಸಿದನು. 1930ರಲ್ಲಿ ಪ್ರಕಟವಾದ ಅವನ ‘ಶಾವೊಲಿನ್ ವೂದಾಂಗ್ ಕಾವ್’ ಎಂಬ ಸಂಶೋಧನೆ ಬೋಧಿಧರ್ಮ ಮತ್ತು ಜಾಂಗ್ ಸಾನ್‌ಫೆಂಗ್ ಇಬ್ಬರಿಗೂ ಮುಷ್ಟಿವಿದ್ಯೆಯ ನಂಟಿಲ್ಲವೆಂದು ತೋರಿಸಿತು. ಎರಡೂ ಪಂಗಡಗಳು ಅವನ ಮೇಲೆ ಕೆರಳಿದವು. ಕೆಲವರು ಅವನನ್ನು ಹಿಡಿದು ಹೊಡೆಯಲು ಯೋಚಿಸಿದ್ದರು, ಹಿರಿಯ ಗುರುವೊಬ್ಬರು ತಡೆದರು ಎಂದು ಆ ವಲಯದಲ್ಲಿ ಹೇಳಿಕೊಂಡು ಬಂದಿದ್ದಾರೆ. ತಾಂಗ್ ಹಾವೊ ಅಲ್ಲಿಗೆ ನಿಲ್ಲಿಸಲಿಲ್ಲ. ಹೆನಾನ್ ಪ್ರಾಂತದ ಚೆನ್‌ಜಿಯಾಗೌ ಎಂಬ ಹಳ್ಳಿಗೆ ಹೋಗಿ ಚೆನ್ ಮನೆತನದ ವಂಶಾವಳಿಯನ್ನೂ ಹಸ್ತಪ್ರತಿಗಳನ್ನೂ ಓದಿದನು. ತೈಜಿ ವಿದ್ಯೆ ರೂಪುಗೊಂಡದ್ದು ಹದಿನೇಳನೆಯ ಶತಮಾನದ ಚೆನ್ ವಾಂಗ್‌ತಿಂಗ್ ಎಂಬ ಆ ಊರಿನವನಿಂದ ಎಂದು ವಾದಿಸಿದನು. ಚಿ ಜಿಗ್ವಾಂಗ್‌ನ 32 ಭಂಗಿಗಳಲ್ಲಿ 29 ಚೆನ್ ಮನೆತನದ ವರಸೆಗಳಲ್ಲಿ ಬಂದಿವೆಯೆಂಬ ಪಾಠಾಂತರ ಹೋಲಿಕೆ ಅವನ ಮುಖ್ಯ ಆಧಾರ. ಈ ನಿರ್ಣಯವನ್ನೂ ಇಂದು ಕೆಲವರು ಒಪ್ಪುವುದಿಲ್ಲ. ಆದರೆ ಒಪ್ಪದವರೂ ಈಗ ಹಸ್ತಪ್ರತಿ, ಶಾಸನಗಳನ್ನೇ ಮುಂದಿಟ್ಟು ವಾದಿಸಬೇಕಾಗಿದೆ. ಅದು ಅವನು ತಂದ ಬದಲಾವಣೆ. 1949ರ ಅನಂತರ ಚೀನಾದ ಕ್ರೀಡಾ ಇತಿಹಾಸದ ಆಕರಗಳನ್ನು ಸಂಗ್ರಹಿಸುವ ಕೆಲಸದಲ್ಲಿ ತೊಡಗಿದ್ದ ಅವನು 1959ರಲ್ಲಿ ತೀರಿಕೊಂಡನು.

ಕಥೆ ಸುಳ್ಳೆಂದು ತಿಳಿದ ಮೇಲೆ ಕಲೆ ಕುಗ್ಗಲಿಲ್ಲ. 1956ರಲ್ಲಿ ತೈಜಿಯ 24 ಭಂಗಿಗಳ ಸರಳರೂಪ ಸಿದ್ಧವಾಗಿ ಉದ್ಯಾನಗಳಿಗೆ ಬಂತು. ಹದಿಮೂರು ಭಿಕ್ಷುಗಳ ಪ್ರಸಂಗವನ್ನು ಆಧರಿಸಿದ 1982ರ ‘ಶಾವೊಲಿನ್ ದೇವಾಲಯ’ ಚಲನಚಿತ್ರ ಹಾಳುಬಿದ್ದಿದ್ದ ವಿಹಾರಕ್ಕೆ ಜನಸಾಗರವನ್ನು ತಂದಿತು. 2020ರಲ್ಲಿ ತೈಜಿ ಯುನೆಸ್ಕೊದ ಪರಂಪರೆಯ ಪಟ್ಟಿಗೆ ಸೇರಿತು. ಮುಂಜಾನೆ ಉದ್ಯಾನದಲ್ಲಿ ಮೆಲ್ಲನೆ ಕೈಯೆತ್ತಿ ಇಳಿಸುವ ವೃದ್ಧರಿಗೆ ಜಾಂಗ್ ಸಾನ್‌ಫೆಂಗ್ ಕನಸು ಕಂಡಿದ್ದನೇ ಇಲ್ಲವೇ ಎಂಬುದರಿಂದ ಆಗುವುದೇನೂ ಇಲ್ಲ. ಆಯುಧವನ್ನು ನಿಲ್ಲಿಸುವುದೇ ‘ವೂ’ ಎಂಬ ಚೂ ದೇಶದ ಅರಸನ ಮಾತು ನಿರ್ವಚನವಾಗಿ ತಪ್ಪಾದರೂ, ಅವರ ಆ ಚಲನೆಯಲ್ಲಿ ನಿಜವಾಗಿರುವುದನ್ನು ನೋಡಬಹುದು.

ಪರಂಪರೆಯನ್ನು ಪ್ರೀತಿಸುವವರು ಅದಕ್ಕೆ ಪುರಾತನ ಮೂಲಪುರುಷನನ್ನು ಬಯಸುವುದು ಚೀನಾದ ವಿಶೇಷವೇನಲ್ಲ. ಗುರುಪಟ್ಟಾವಳಿಗಳನ್ನು ಓದುವ ಸಂಶೋಧಕರಿಗೆ ಪಟ್ಟಿಯ ಕೆಳಭಾಗದ ಹೆಸರುಗಳು ಹೆಚ್ಚು ಗಟ್ಟಿ, ಮೇಲಕ್ಕೆ ಹೋದಂತೆ ಮಂಜು ಹೆಚ್ಚು ಎಂಬುದು ಅನುಭವದ ಮಾತು. ಬೋಧಿಧರ್ಮನು ಮುಷ್ಟಿವಿದ್ಯೆ ಕಲಿಸಲಿಲ್ಲವೆಂದರೆ ದಕ್ಷಿಣ ಭಾರತಕ್ಕೆ ನಷ್ಟವೇನೂ ಇಲ್ಲ. ಇಲ್ಲಿಂದ ಅಲ್ಲಿಗೆ ಹೋದದ್ದು ಯಾವುದೆಂದು ಶಬ್ದವೇ ಹೇಳುತ್ತದೆ. ಚೀನಾದ ‘ಚಾನ್’, ಜಪಾನಿನ ‘ಝೆನ್’ ಎಂಬ ಹೆಸರುಗಳ ಹಿಂದಿರುವುದು ಸಂಸ್ಕೃತದ ಧ್ಯಾನ, ಪ್ರಾಕೃತದ ಝಾಣ. ಜೈನ ಆಗಮಗಳನ್ನು ಓದಿದವರಿಗೆ ಅದು ದಿನನಿತ್ಯದ ಶಬ್ದ. ಶಾವೊಲಿನ್ ವಿಹಾರವನ್ನು ಬತುವೊನಿಗೆ ಕಟ್ಟಿಸಿಕೊಟ್ಟದ್ದು ಅದಕ್ಕಾಗಿ. ಸುಮಾರು ನೂರಿಪ್ಪತ್ತೈದು ವರ್ಷಗಳ ಮೇಲೆ ಅಲ್ಲಿಂದ ಹದಿಮೂರು ಜನ ಭಿಕ್ಷುಗಳು ಎದ್ದು ಯುದ್ಧಕ್ಕೆ ಹೋದರು. ಅವರ ಹೆಸರುಗಳು ಆ ಕಲ್ಲಿನ ಮೇಲೆ ಇಂದಿಗೂ ಇವೆ.